ಜಡ್ಜಮ್ಮನ ಹವಳ

ಫೆಬ್ರವರಿ 3

ಗಂಟಲಿನಲ್ಲಿ ಗಂಟಿದೆ ಎಂದರು ಡಾಕ್ಟರು. ಗಂಟಲು ಎಂಬ ಹೆಸರಿನಲ್ಲೇ ಗಂಟಿದೆಯಲ್ಲ ಸಾರ್, ಅದಕ್ಕೆ ಕ್ಯಾಮೆರಾ ಇಳಿಸಿ ನೋಡಬೇಕಿತ್ತೇ ಎನ್ನಲು ಬಾಯಿ ತೆರೆದೆ. ಅವರು ಅಂಗೈ ಅಡ್ಡ ಹಿಡಿದರು. "ಇವತ್ತಿಂದ ಒಂದು ಮಾತೂ ಆಡೋ ಹಾಗಿಲ್ಲ. ಪಿಸುಗುಟ್ಟೋದೂ ಇಲ್ಲ, ಅದು ಕೂಗೋದಕ್ಕಿಂತ ಕೆಟ್ಟದ್ದು." ಎಲ್ಲಿಯವರೆಗೆ ಎಂದು ಹುಬ್ಬಿನಲ್ಲೇ ಕೇಳಿದೆ. "ನಾನು ಹೇಳೋವರೆಗೆ."

ಸಭೆ ಸಮಾರಂಭಗಳಲ್ಲಿ ಮೈಕು ಹಿಡಿದು ನಿರೂಪಣೆ ಮಾಡಿ ಹೊಟ್ಟೆ ಹೊರೆಯುವವನು ನಾನು. ಮೈಕಾಸುರ ಎಂದು ಹಿಂದಿನಿಂದ ಕರೆಯುತ್ತಾರೆ. ಮುಂದಿನಿಂದ ಕರೆದರೂ ನನಗೆ ಬೇಸರವಿಲ್ಲ. ಈಗ ಧ್ವನಿಪೆಟ್ಟಿಗೆಗೆ ಬೀಗ ಬಿದ್ದಿದೆ, ಬೀಗದಕೈ ಡಾಕ್ಟರ ಜೇಬಿನಲ್ಲಿದೆ. ಬರುವ ದಾರಿಯಲ್ಲಿ ಒಂದು ಸ್ಲೇಟು, ಬಳಪ, ಮತ್ತು ಈ ದಿನಚರಿ ಕೊಂಡೆ. ಸ್ಲೇಟು ಲೋಕದ ಜೊತೆ ಮಾತಾಡಲು. ಇದು ನನ್ನ ಜೊತೆ. ಆಡದ ಮಾತು ಹೊಟ್ಟೆಯಲ್ಲೇ ಉಳಿದರೆ ಅಜೀರ್ಣವಾದೀತು.

ಆಡಿದ ಮಾತಿನಿಂದಲೂ ಅಜೀರ್ಣವಾಗುತ್ತದೆ ಎಂಬುದಕ್ಕೆ ಮೊನ್ನೆ ಭಾನುವಾರವೇ ಸಾಕ್ಷಿ. ನಮ್ಮ ಕಟ್ಟಡದ ಮೂರನೇ ಮಹಡಿಯ ಜಡ್ಜಮ್ಮನಿಗೆ ಮುಂಚಿತವಾಗಿಯೇ ಬೀಳ್ಕೊಡುಗೆ ಇತ್ತು. ನಿವೃತ್ತ ನ್ಯಾಯಾಧೀಶೆ, ಒಂಟಿ ಹೆಂಗಸು. ಮಾರ್ಚ್ ಕೊನೆಗೆ ತಂಗಿಯ ಮನೆಗೆ ಹೋಗಿ ಇರುತ್ತಾರೆ. ಕಣ್ಣು ಮಂದವಾಗಿದೆ. ಅವರು ಬಲು ಕಾಲದಿಂದ ಸಮುದ್ರದ ನೀರಿನ ತೊಟ್ಟಿಯೊಂದರಲ್ಲಿ ಹವಳ ಸಾಕಿದ್ದಾರೆ. ಅದನ್ನು ಒಯ್ಯುವಂತಿಲ್ಲ. ಯಾರಾದರೂ ನೋಡಿಕೊಳ್ಳುತ್ತೀರಾ ಎಂದು ಸಭೆಯಲ್ಲಿ ಕೇಳಿದರು. ಪಕ್ಕದ ಬೀದಿಯ ಹಲ್ಲಿನ ಡಾಕ್ಟರು ಕೈ ಎತ್ತಿದರು. ಅವರ ಕ್ಲಿನಿಕ್ಕಿನಲ್ಲಿ ಅಂಥದೇ ತೊಟ್ಟಿಯಿದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೈಕು ನನ್ನ ಕೈಲಿತ್ತು.

"ಹಲ್ಲಿನ ಡಾಕ್ಟರಿಗೆ ಯಾಕಮ್ಮಾ ಹವಳ? ಅದರಲ್ಲೂ ಹುಳುಕು ಹುಡುಕ್ತಾರೆ. ಎರಡು ಮಹಡಿ ಕೆಳಗೆ ನಾನಿದ್ದೀನಲ್ಲ" ಎಂದೆ. ಸಭೆ ನಕ್ಕಿತು. ಡಾಕ್ಟರು ನಗುತ್ತಲೇ ಕೈ ಇಳಿಸಿದರು. ಜಡ್ಜಮ್ಮ ನನ್ನ ಕಡೆ ಓರೆಯಾಗಿ ನೋಡಿ, "ಉಪ್ಪುನೀರು ಸಾಕಿ ಅಭ್ಯಾಸ ಇದೆಯೇನಪ್ಪಾ?" ಎಂದರು. "ಕಣ್ಣೀರು ಸಾಕಿದ್ದೀನಮ್ಮಾ, ಅದೂ ಉಪ್ಪೇ" ಎಂದೆ. ಚಪ್ಪಾಳೆ.

ಮೆಟ್ಟಿಲಿಳಿಯುವಾಗ ಇವಳು, "ಇಂಡಿಕೇಟರ್ ಹಾಕ್ದೆ ತಿರುಗಿಸಿಬಿಟ್ರಲ್ಲ ರೀ" ಎಂದಳು. ಇವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾಳೆ. ಮನೆಯಲ್ಲೂ ಬ್ರೇಕು ಇವಳ ಕಾಲ ಕೆಳಗೇ ಇರುತ್ತದೆ.

ಫೆಬ್ರವರಿ 6

ಹವಳ ನೋಡಿಬಂದೆ. ಜಡ್ಜಮ್ಮನ ಹಜಾರದಲ್ಲಿ ಸೋಫಾಗಿಂತ ಒಳ್ಳೆಯ ಜಾಗ ಅದರದು. ಕೆಂಪು ಹರಳಿನ ಗೊಂಚಲು ಇರಬಹುದೆಂದುಕೊಂಡಿದ್ದೆ. ಅದು ಮೆತ್ತಗಿದೆ. ನೀರಿನಡಿಯಿಂದ ಯಾರೋ ಕೈ ಎತ್ತಿ ತಡೀರಿ ಎಂದ ಹಾಗೆ ದಪ್ಪ ಬುಡ, ಮೇಲೆ ಬೆರಳುಗಳು. ಪ್ರತಿ ಬೆರಳಿನ ಮೈತುಂಬ ಸಾಸಿವೆ ಗಾತ್ರದ ಹೂವುಗಳು ತೂಗುತ್ತಿರುತ್ತವೆ.

"ಹೂವಲ್ಲ ಅದು, ಬಾಯಿ" ಎಂದರು ಜಡ್ಜಮ್ಮ. "ಇದು ಗಿಡ ಅಂತ ತಿಳ್ಕೋಬೇಡ. ಪ್ರಾಣಿ. ಕೊಂದ್ರೆ ಕೊಲೆ ಅಂತಲೇ ಲೆಕ್ಕ."

ಮೈಯೆಲ್ಲ ಬಾಯಿ, ಒಂದು ಮಾತಿಲ್ಲ. ನನಗೆ ತಕ್ಕ ಗುರು ಎಂದು ಸ್ಲೇಟಿನಲ್ಲಿ ಬರೆದೆ. ಅವರು ಸ್ಲೇಟನ್ನು ಕಿವಿಯ ಹತ್ತಿರ ಓರೆ ಹಿಡಿದು ಓದಿದರು. ನೇರ ನೋಡಿದರೆ ನಡುವೆ ಮಸುಕು, ಅಂಚಿನಲ್ಲಷ್ಟೇ ಕಾಣುತ್ತದಂತೆ. ಓದಿ ನಗಲಿಲ್ಲ.

"ಇದು ಬಂದಾಗ ಉಗುರಿನಷ್ಟಿತ್ತು. ಕೊಡೋದಾದ್ರೆ ಜಾಗ ನೋಡಿ ಕೊಡಬೇಕು ಅಂತಿದ್ದೆ. ನೋಡೋಕೆ ಆಗಲ್ಲ. ಅದಕ್ಕೆ ಮಾತು ಕೇಳಿ ಕೊಡ್ತಿದ್ದೀನಿ" ಎಂದರು.

ಆಮೇಲೆ ಪಾಠ. ಉಪ್ಪು ಬೆರೆಸಿ, ಕಲ್ಲು ಜೋಡಿಸಿ, ನೀರು ಓಡಾಡಲು ಬಿಟ್ಟು ಸುಮ್ಮನೆ ಕಾಯಬೇಕು. ಕಲ್ಲಿನ ರಂಧ್ರಗಳಲ್ಲಿ ಕಣ್ಣಿಗೆ ಕಾಣದ ಜೀವಗಳು ಮನೆ ಮಾಡಬೇಕು. ಹೊಲಸನ್ನು ತಿಂದು ತೇಗುವುದು ಅವೇ. ಅಲ್ಲಿಯವರೆಗೆ ಏನೂ ಬಿಡಬಾರದು. "ಹಣ್ಣಿನ ಹಾಗೆ. ನೀರು ಮಾಗಬೇಕು" ಎಂದರು. ನಾನು ಗೋಣು ಹಾಕಿದೆ. ಗೋಣು ಹಾಕುವುದಕ್ಕೆ ಡಾಕ್ಟರ ನಿಷೇಧವಿಲ್ಲ.

ಫೆಬ್ರವರಿ 8

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ಮಾಡಿದವನು ಖಂಡಿತ ಹವಳ ಸಾಕಿದ್ದ. ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದ ಉಪ್ಪು ಎಂದೇ ಬೇರೆ ಡಬ್ಬಿ, ಅದರ ಬೆಲೆ ನೋಡಿದರೆ ನಾಲಿಗೆ ತಾನಾಗಿಯೇ ಸಪ್ಪೆಯಾಗುತ್ತದೆ. ಆದಾಯ ನಿಂತ ಮನೆಯಲ್ಲಿ ಸಾಗರ ಕಟ್ಟಲು ಹೊರಟವನು ಎಲ್ಲಾದರೂ ಉಳಿಸಬೇಕು. ಗಾಜಿನಲ್ಲಿ ಉಳಿಸಿದೆ.

ಮೀನಿನಂಗಡಿಯ ಹಿಂಭಾಗದಲ್ಲಿ ಹಳೆಯ ತೊಟ್ಟಿಯೊಂದು ಕಲ್ಲು ಸಮೇತ ಬಿದ್ದಿತ್ತು. ಕಾಲುಭಾಗ ಬೆಲೆಗೆ ಕೊಡುತ್ತೇನೆಂದ ಅಂಗಡಿಯವನು. "ಇದು ನಮ್ಮ ಆಸ್ಪತ್ರೆ ಸಾರ್. ಹುಷಾರಿಲ್ಲದ ಮೀನುಗಳನ್ನೆಲ್ಲ ಇದರಲ್ಲೇ ಇಡ್ತಿದ್ವಿ."

'ಹಾಗಾದರೆ ನರ್ಸನ್ನೂ ಜೊತೆಗೆ ಕಳಿಸಿ' ಎಂದು ಬರೆದು ತೋರಿಸಿದೆ. ಅವನು ಹೊಟ್ಟೆ ಹಿಡಿದು ನಕ್ಕ. "ಅಯ್ಯೋ ಸಾರ್, ನೀವೊಬ್ರು. ಆದ್ರೆ ಇದರಲ್ಲಿ ಒಂದು ವಿಷಯ ಏನಂದ್ರೆ..." ಎನ್ನುವಷ್ಟರಲ್ಲಿ ನಾನು ಸ್ಲೇಟು ಒರೆಸಿ, 'ಇಲ್ಲಿಂದ ಗುಣವಾಗಿ ಹೋದವರು ಎಷ್ಟು, ತೇಲಿ ಹೋದವರು ಎಷ್ಟು?' ಎಂದು ಬರೆದಾಗಿತ್ತು. ಮತ್ತೆ ನಗು. ಇಬ್ಬರು ಗಿರಾಕಿಗಳೂ ನಕ್ಕರು. ಮಾತಿಲ್ಲದೆಯೂ ಸಭೆ ಗೆದ್ದೆ. ಆಟೋದಲ್ಲಿ ತೊಟ್ಟಿಯ ಪಕ್ಕ ಕೂತು ಬರುವಾಗ ಎದೆ ಒಂದಿಷ್ಟು ಉಬ್ಬಿತ್ತು.

ಫೆಬ್ರವರಿ 11

ಅಡುಗೆಮನೆಯ ಫಿಲ್ಟರಿನಿಂದ ಬಕೆಟ್ಟು ಬಕೆಟ್ಟಾಗಿ ನೀರು ಹಿಡಿದು ಉಪ್ಪು ಕಲೆಸಿದೆ. ಉಪ್ಪು ತಿಂದವ ನೀರು ಕುಡಿಯಬೇಕು. ಕಲೆಸಿದವ ನೀರು ಹೊರಬೇಕು. ಸೊಂಟ ಬಿದ್ದುಹೋಗಿದೆ. ಹಳೆಯ ಕಲ್ಲುಗಳನ್ನು ತೊಳೆದು ಗುಹೆಯ ಹಾಗೆ ಜೋಡಿಸಿದೆ. ಪಂಪು ಗುರ್ ಎಂದಿತು, ನೀರು ಬಿಳಿ ಮಂಜಾಗಿ ಸಂಜೆಯ ಹೊತ್ತಿಗೆ ತಿಳಿಯಾಯಿತು. ಸಮುದ್ರ ನೋಡು ಎನ್ನುವ ಹಾಗೆ ಇವಳನ್ನು ಕೈಹಿಡಿದು ಕರೆತಂದೆ.

"ಚೆನ್ನಾಗಿದೆ. ಇದಾದ್ರೂ ಪೂರ್ತಿ ಮಾಡ್ತೀರಾ?" ಎಂದಳು. ಆರಂಭಶೂರ ಎಂಬ ಬಿರುದನ್ನು ಇವಳು ಬಾಯಿಬಿಟ್ಟು ಹೇಳುವುದಿಲ್ಲ. ಅಟ್ಟದ ಕಡೆ ನೋಡುತ್ತಾಳೆ. ಅಲ್ಲಿ ಒಂದು ಗಿಟಾರು, ಒಂದು ಕುಂಬಾರಿಕೆಯ ತಿಗರಿ, ಬ್ರೆಡ್ಡು ಸುಡುವ ಯಂತ್ರ ಎಲ್ಲ ಒಟ್ಟಿಗೆ ನೆಮ್ಮದಿಯಾಗಿವೆ.

ಫೆಬ್ರವರಿ 19

ನೀರು ಮಾಗುತ್ತಿದೆ. ನಾನು ಕೊಳೆಯುತ್ತಿದ್ದೇನೆ.

ಲಿಫ್ಟಿನಲ್ಲಿ ಕಟ್ಟಡದ ಸೆಕ್ರೆಟರಿ ಸಿಕ್ಕಿದರು. "ಏನ್ ಸಾರ್, ಮೀನಿಲ್ಲದ ತೊಟ್ಟಿ, ಮಾತಿಲ್ಲದ ನಿರೂಪಕ. ಜೋಡಿ ಚೆನ್ನಾಗಿದೆ" ಎಂದರು. ಮೂರು ಉತ್ತರ ಥಟ್ಟನೆ ಹೊಳೆದವು, ಮೂರೂ ಒಂದಕ್ಕಿಂತ ಒಂದು ಹರಿತ. ಬಳಪ ಹುಡುಕುವಷ್ಟರಲ್ಲಿ ಅವರ ಮಹಡಿ ಬಂತು. ಬಾಗಿಲು ಮುಚ್ಚಿದ ಮೇಲೆ ಖಾಲಿ ಲಿಫ್ಟಿನಲ್ಲಿ ನನ್ನ ಉತ್ತರವನ್ನು ನಾನೇ ಓದಿಕೊಂಡೆ.

ಫೆಬ್ರವರಿ 27

ಬ್ಯಾಂಕಿನ ವಾರ್ಷಿಕೋತ್ಸವಕ್ಕೆ ನನ್ನ ಬದಲು ಶಿಷ್ಯ ನಿರೂಪಣೆ ಮಾಡಿದ. ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ನನ್ನವೇ ನಗೆಹನಿಗಳು. ನನಗೆ ಬಿದ್ದದ್ದಕ್ಕಿಂತ ಹೆಚ್ಚು ನಗು ಅವನಿಗೆ ಬಿತ್ತು. ನಡುವೆ ಮೈಕು ಕಿರ್ ಎಂದು ಕಿರುಚಿಕೊಂಡಿತು. ಆಗ ನನಗಾದ ಸಂತೋಷವನ್ನು ಇಲ್ಲಿ ಬರೆಯಲೂ ನಾಚಿಕೆ.

ಮಾರ್ಚ್ 5

ಪರೀಕ್ಷೆಯ ಸೀಸೆಯಲ್ಲಿ ನೀರು ಬಣ್ಣ ತಿರುಗಲಿಲ್ಲ. ಎಂದರೆ ಹೊಲಸಿಲ್ಲ, ಎಂದರೆ ಮಾಗಿದೆ. ಒಂದು ಜೊತೆ ಕೋಡಂಗಿ ಮೀನು ತಂದೆ. ಕಿತ್ತಳೆ ಮೈ, ಬಿಳಿ ಪಟ್ಟೆ. ಜಾತಿಯೇ ಕೋಡಂಗಿ, ಒಂದೇ ವೃತ್ತಿಯವರು ನಾವು. ಪಾಚಿ ಮೇಯಲು ಒಂದು ಹಿಡಿ ಸಮುದ್ರದ ಬಸವನಹುಳು. ಜಡ್ಜಮ್ಮ ಗೋಡೆ ಹಿಡಿದುಕೊಂಡು ಎರಡು ಮಹಡಿ ಇಳಿದು ಬಂದರು. ಗಾಜಿಗೆ ಕೆನ್ನೆ ಒತ್ತಿ ಓರೆಗಣ್ಣಿನಲ್ಲಿ ನೋಡಿದರು. "ಹುಳುಗಳು ಬದುಕಿದ್ರೆ ಹವಳ ಬದುಕತ್ತೆ. ಅವೇ ನಮಗೆ ಸಾಕ್ಷಿ. ಮುಂದಿನ ವಾರ ಬಂದು ವಿಚಾರಿಸ್ಕೋತೀನಿ" ಎಂದರು.

ಈ ಮನೆಯಲ್ಲಿ ನಾನು ಶುರು ಮಾಡಿದ್ದೊಂದು ಉಸಿರಾಡುತ್ತಿದೆ. ಇವಳು ಚಹಾ ಹಿಡಿದು ಬಂದು ಕೇಳದೆಯೇ ತೊಟ್ಟಿಯ ಮುಂದೆ ಕೂತಳು.

ಮಾರ್ಚ್ 8

ಒಂದು ಹುಳು ಮಗುಚಿ ಬಿದ್ದಿತ್ತು. ಎತ್ತಿ ನಿಲ್ಲಿಸಿದೆ. ಮತ್ತೆ ಬಿತ್ತು. ಪ್ರಯಾಣದ ದಣಿವಿರಬೇಕು.

ಮಾರ್ಚ್ 10

ಪ್ರಯಾಣದ ದಣಿವಲ್ಲ. ಅರ್ಧಕ್ಕರ್ಧ ಹೋಗಿವೆ. ಅಂಗಡಿಗೆ ಹೋಗಿ ಏನೂ ಬರೆಯದೆ ಅದೇ ಹುಳುಗಳತ್ತ ಬೆರಳು ತೋರಿಸಿ ಇನ್ನಷ್ಟು ತಂದೆ. ಇವಳಿಗೆ ಹೇಳಲಿಲ್ಲ. ಮೀನುಗಳು ಮಾತ್ರ ಹೊಟ್ಟೆ ತುಂಬ ತಿಂದು ಕುಣಿಯುತ್ತಿವೆ.

ಮಾರ್ಚ್ 12

ಹೊಸವೂ ಹೋದವು. ನಾಳೆ ಜಡ್ಜಮ್ಮ ಬರುತ್ತಾರೆ.

ಮಾರ್ಚ್ 13

ಬರೆಯಬೇಕೋ ಬೇಡವೋ ಎಂದು ಬೆಳಗಿನಿಂದ ಯೋಚಿಸಿದೆ. ಬರೆದುಬಿಡುತ್ತೇನೆ.

ಚಿಪ್ಪುಗಳನ್ನು ಎಸೆದಿರಲಿಲ್ಲ. ತೊಳೆದು ಒಣಗಿಸಿ ಇಟ್ಟಿದ್ದೆ. ಜಡ್ಜಮ್ಮ ಬರುವ ಮುಂಚೆ ಅವನ್ನು ಒಂದೊಂದಾಗಿ ತೊಟ್ಟಿಗಿಳಿಸಿ ಕಲ್ಲಿನ ಸಂದುಗಳಲ್ಲಿ ನೆಟ್ಟಗೆ ನಿಲ್ಲಿಸಿದೆ. ಎರಡನ್ನು ಗಾಜಿಗೆ ಒರಗಿಸಿದೆ. ದೂರ ನಿಂತು ನೋಡಿ ಒಂದನ್ನು ಇನ್ನಷ್ಟು ಓರೆ ಮಾಡಿದೆ, ಸಹಜವಾಗಿ ಕಾಣಲಿ ಎಂದು.

ಇವಳು ಬಾಗಿಲಲ್ಲಿ ನಿಂತಿದ್ದಳು. "ಸತ್ತೋರಿಗೆ ದಿಂಬು ಕೊಟ್ಟು ಕೂರಿಸ್ತಿದ್ದೀರಾ?" ಎಂದಳು. ಸ್ಲೇಟು ಎಲ್ಲಿದೆ ಗೊತ್ತಿತ್ತು. ತೆಗೆದುಕೊಳ್ಳಲಿಲ್ಲ. ಅವಳು ಕಾರಿನ ಕೀ ತೆಗೆದುಕೊಂಡು ಕ್ಲಾಸಿಗೆ ಹೋದಳು.

ಜಡ್ಜಮ್ಮ ಬಂದು ಕೆನ್ನೆ ಒತ್ತಿ ನೋಡಿದರು. "ಆರಾಮಾಗಿ ಮಲ್ಗಿವೆ" ಎಂದರು. ನಾನು 'ಎಲ್ಲ ಕ್ಷೇಮ' ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅವರ ಕಿವಿಯ ಹತ್ತಿರ ಓರೆ ಹಿಡಿದೆ. ಅವರಿಗೆ ಹೇಗೆ ಹಿಡಿದರೆ ಕಾಣುತ್ತದೆ ಎಂದು ನನಗೀಗ ಗೊತ್ತು. ಹೇಗೆ ಹಿಡಿದರೆ ಕಾಣುವುದಿಲ್ಲ ಎಂಬುದೂ.

ಮಾರ್ಚ್ 14

ಏನೂ ಇಲ್ಲ.

ಮಾರ್ಚ್ 17

ಜಡ್ಜಮ್ಮ ಹವಳದ ಒಂದು ಬೆರಳನ್ನು ಕತ್ತರಿಯಿಂದ ಕತ್ತರಿಸಿ, ಬಟ್ಟಲಿನಲ್ಲಿ ನೀರಿನೊಳಗಿಟ್ಟು ತಾವೇ ತಂದರು. ಗಿಡದ ರೆಂಬೆಯ ಹಾಗೆ ತುಂಡೂ ಬೇರೆಯಾಗಿ ಬೆಳೆಯುತ್ತದಂತೆ. ಲಿಫ್ಟು ಕುಲುಕುತ್ತದೆಂದು ಮೆಟ್ಟಿಲಿಳಿದು ಬಂದಿದ್ದಾರೆ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು. ಗೋಡೆ ಹಿಡಿಯಲು ಕೈ ಉಳಿದಿರಲಿಲ್ಲ.

"ಇದು ಮುಂಗಡ. ಇದು ಬಿಚ್ಚಿಕೊಂಡ್ರೆ ದೊಡ್ಡದನ್ನ ಈ ವಾರವೇ ಇಳಿಸೋಣ" ಎಂದರು. ಬೇಡ ಎಂದು ಬರೆಯಲು ಸ್ಲೇಟಿನಲ್ಲಿ ಬೇಕಾದಷ್ಟು ಜಾಗವಿತ್ತು. 'ಧನ್ಯವಾದ' ಎಂದು ಬರೆದೆ.

ಮಾರ್ಚ್ 19

ಬೆರಳು ಬಿಚ್ಚಿಕೊಂಡಿಲ್ಲ. ಬೂದು ಬಣ್ಣಕ್ಕೆ ತಿರುಗಿ ಅಂಟು ಬಿಡುತ್ತಿದೆ. ಬೆಳಕು ಬದಲಿಸಿದೆ. ಪಂಪು ತಿರುಗಿಸಿದೆ. ಅರ್ಧ ನೀರು ಚೆಲ್ಲಿ ಹೊಸ ನೀರು ಹಾಕಿದೆ. ಮಧ್ಯಾಹ್ನ ಇನ್ನರ್ಧ.

ಇವಳು ಸುಮಾರು ಹೊತ್ತು ನೋಡಿ ಹೇಳಿದಳು: "ನಮ್ಮಲ್ಲಿ ಕಲಿಯೋಕೆ ಬರೋರಿದಾರಲ್ಲ, ದಾರಿ ತಪ್ಪಿದ ತಕ್ಷಣ ಎಲ್ಲರೂ ಒಂದೇ ಕೆಲಸ ಮಾಡ್ತಾರೆ. ಸ್ಪೀಡ್ ಜಾಸ್ತಿ ಮಾಡ್ತಾರೆ."

ಮಾರ್ಚ್ 20

ಗಂಟಲಿನ ಡಾಕ್ಟರು ಬೀಗ ಸ್ವಲ್ಪ ಸಡಿಲಿಸಿದರು. ಗಂಟು ಕರಗಿದೆ. ದಿನಕ್ಕೆ ಕೆಲವೇ ನಿಮಿಷ ಮಾತಾಡಬಹುದು, ಮೆಲ್ಲಗೆ, ಸಹಜ ದನಿಯಲ್ಲಿ. "ಜಾಸ್ತಿ ಆದ್ರೆ ಮತ್ತೆ ಮೊದಲಿಂದ. ಯಾವ ಮಾತು ಬೇಕೋ ಅದನ್ನ ಆರಿಸಿ ಆಡಿ" ಎಂದರು. ಬೀಗ ತೆಗೆದ ದಿನ ಆಡಲೆಂದು ಒಂದು ಬೊಂಬಾಟ್ ಸಾಲು ಕೂಡಿಟ್ಟಿದ್ದೆ. ಇವಳೆದುರು ಆಡಬೇಕೆಂದು. ಸಂಜೆ ಬಂದು ಚಪ್ಪಲಿ ಬಿಡುತ್ತಿದ್ದಳು. ಆ ಸಾಲು ನೆನಪಿಗೇ ಬರಲಿಲ್ಲ. "ಊಟ ಆಯ್ತಾ?" ಎಂದೆ. ಅವಳು ಚಪ್ಪಲಿ ಒಂದು ಕಾಲಲ್ಲೇ ಇಟ್ಟುಕೊಂಡು ನಿಂತಳು. "ಇನ್ನೂ ಇಲ್ಲ" ಎಂದಳು.

ಮಾರ್ಚ್ 21

ಅಂಗಡಿಗೆ ಹೋದೆ. ಬೆರಳು ಈಗ ಬೆರಳಲ್ಲ, ಕರಗಿದ ಸೋಪು. ಒಂದು ಸೀಸೆಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ಹೋಗಿದ್ದೆ.

"ಓಹೋ, ಬನ್ನಿ ಸಾರ್. ಇವತ್ತೇನು ಬರೆದಿದ್ದೀರಿ ತೋರಿಸಿ" ಎಂದ ಅಂಗಡಿಯವನು ಆಗಲೇ ನಗಲು ತಯಾರಾಗಿ.

"ಆ ತೊಟ್ಟಿಯಲ್ಲಿ ಮೀನಿಗೆ ಏನು ಔಷಧಿ ಹಾಕ್ತಿದ್ರಿ?" ಎಂದೆ.

ಅವನ ನಗು ಇಳಿಯಿತು. "ತಾಮ್ರದ ಔಷಧಿ ಸಾರ್. ಮೀನಿನ ಮೈಯ ಹುಳ ಸಾಯೋಕೆ. ಮೀನಿಗೆ ಏನೂ ಆಗಲ್ಲ. ಹವಳಕ್ಕೆ, ಬಸವನಹುಳಕ್ಕೆ ವಿಷ. ಕಲ್ಲು, ಗಾಜಿನ ಅಂಟು ಎಲ್ಲ ಕುಡಿದುಬಿಟ್ಟಿರತ್ತೆ. ಎಷ್ಟು ನೀರು ಬದಲಾಯ್ಸಿದ್ರೂ ಉಗುಳ್ತಾನೇ ಇರತ್ತೆ." ಸೀಸೆಗೆ ಏನೋ ಹನಿ ಹಾಕಿ ನೋಡಿ ತಲೆಯಾಡಿಸಿದ. "ಮೀನು ಸಾಕ್ತೀರಿ ಅಂದ್ಕೊಂಡೆ. ಬಸವನಹುಳು ಕೊಟ್ಟಿದ್ದು ನಮ್ಮ ಹುಡುಗ, ನನಗೆ ಗೊತ್ತೇ ಆಗ್ಲಿಲ್ಲ. ಅವತ್ತೇ ಹೇಳೋಕೆ ಹೋದೆ ಸಾರ್. ನೀವು ನಗಿಸ್ಬಿಟ್ರಿ."

ಅವನ ದನಿಯಲ್ಲಿ ದೂರಿರಲಿಲ್ಲ. ನಿಜವಾಗಿಯೂ ಚೆನ್ನಾಗಿ ನಕ್ಕಿದ್ದ ದಿನವೊಂದನ್ನು ನೆನೆಸಿಕೊಂಡ ಹಾಗಿತ್ತು.

ಮಾರ್ಚ್ 22

ಮೇಲೆ ಹೋಗಬೇಕು. ಹೋಗಲಿಲ್ಲ. ಜಡ್ಜಮ್ಮ ಸಾಮಾನು ಕಟ್ಟುತ್ತಿದ್ದಾರೆ, ತೊಂದರೆ ಕೊಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಒಳ್ಳೆಯ ನೆರೆಯವನು ನಾನು.

ಮೂರು ನಾಲ್ಕು ಬಗೆಯಲ್ಲಿ ಮನಸ್ಸಿನಲ್ಲೇ ಹೇಳಿ ನೋಡಿದೆ. ಅಂಗಡಿಯವನು ಮೋಸ ಮಾಡಿದ ಎಂಬುದು ಒಂದು. ರೋಗ ಬಂತು ಎಂಬುದೊಂದು. ಕೇಳಲು ಎಲ್ಲವೂ ಚೆನ್ನಾಗಿದ್ದವು. ಅದೇ ಕಷ್ಟ.

ಮಾರ್ಚ್ 23

ಬಾಗಿಲು ತೆರೆದೇ ಇತ್ತು. ರಟ್ಟಿನ ಪೆಟ್ಟಿಗೆಗಳ ನಡುವೆ ಜಡ್ಜಮ್ಮ ಸೀರೆ ಮಡಚುತ್ತಿದ್ದರು. ಹೆಜ್ಜೆ ಸದ್ದಿಗೇ, "ಬಾಪ್ಪಾ. ಮಾತು ಬಂತಂತೆ" ಎಂದರು.

"ಹುಳುಗಳು ಸತ್ತಿದ್ವಮ್ಮಾ" ಎಂದೆ. "ನೀವು ವಿಚಾರಿಸೋಕೆ ಬಂದ ದಿನವೇ ಒಂದೂ ಇರ್ಲಿಲ್ಲ. ಖಾಲಿ ಚಿಪ್ಪು ನಾನೇ ನಿಲ್ಲಿಸಿದ್ದೆ."

ಅವರು ಸೀರೆಯ ಅಂಚಿಗೆ ಅಂಚು ಕೂಡಿಸಿದರು. "ಬೆರಳು?"

"ಅದೂ ಹೋಯ್ತು. ತೊಟ್ಟಿ, ಕಲ್ಲು ಎಲ್ಲ ತಾಮ್ರ ಕುಡಿದಿದೆ. ಅಂಗಡಿಯವನು ಹೇಳೋಕೆ ಬಂದಿದ್ದ, ನಾನು ಕೇಳಿಸ್ಕೊಳ್ಳಲಿಲ್ಲ."

"ನನಗೆ ಕಾಣಲ್ಲ ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೇ ಮಾಡಿದೆ ನೀನು."

ಅದು ಪ್ರಶ್ನೆಯಲ್ಲ. ಅವರು ಇನ್ನೊಂದು ಸೀರೆ ತೆಗೆದುಕೊಂಡರು, ಮಡಚಲಿಲ್ಲ. "ಎದುರಿಗೆ ನಿಂತು ಸುಳ್ಳು ಹೇಳೋರನ್ನ ಜೀವಮಾನವೆಲ್ಲ ನೋಡಿದೀನಿ. ಎಲ್ಲರೂ ಬಾಯಲ್ಲಿ ಹೇಳ್ತಿದ್ರು. ಚಿಪ್ಪಲ್ಲಿ ಹೇಳಿದೋನು ನೀನೇ ಮೊದಲು." ತಮಾಷೆಯ ಹಾಗಿತ್ತು ಮಾತು, ದನಿ ಹಾಗಿರಲಿಲ್ಲ. "ಬೆರಳು ಬದುಕಿದೆ ಅಂದ್ಕೊಂಡು ಇವತ್ತು ದೊಡ್ಡದನ್ನ ಇಳಿಸೋಳಿದ್ದೆ ನಾನು. ನೀನು ಇವತ್ತೂ ಬರದೇ ಇದ್ದಿದ್ರೆ ಇಳಿಸೇಬಿಡ್ತಿದ್ದೆ."

ಕ್ಷಮಿಸಿ ಎಂದೆನೋ ಇಲ್ಲವೋ, ನೆನಪಿಲ್ಲ. ಅವರಂತೂ ಕ್ಷಮಿಸಿದೆ ಎನ್ನಲಿಲ್ಲ. "ಹಲ್ಲಿನ ಡಾಕ್ಟರಿಗೆ ಫೋನ್ ಮಾಡು. ನಾನು ಮಾಡಲ್ಲ, ನೀನೇ ಮಾಡು" ಎಂದರು.

ಮಾಡಿದೆ. ಕೇಳಿ ಮುಗಿಸಿ ಡಾಕ್ಟರು, "ಅಂತೂ ಹುಳುಕು ಹುಡುಕೋನ ಹತ್ತಿರವೇ ಬಂದ್ರಿ" ಎಂದು ನಕ್ಕರು. "ಹೌದು ಸಾರ್" ಎಂದೆ. ಅಷ್ಟರಲ್ಲಿ ಈ ದಿನದ ಮಾತು ಮುಗಿದಿತ್ತು.

ಮಾರ್ಚ್ 26

ಹವಳವನ್ನು ಸಾಗಿಸಿದೆವು. ಅದರ ಬುಡದ ಕಲ್ಲು ಸಮೇತ ಅಗಲ ಬಕೆಟ್ಟಿನಲ್ಲಿ ಅದರದೇ ನೀರು ತುಂಬಿ ಇಳಿಸಿದೆ. ಡ್ರೈವಿಂಗ್ ಸ್ಕೂಲಿನ ಕಾರು. ಮುಂದೆ ಜಡ್ಜಮ್ಮ, ಹಿಂದೆ ನನ್ನ ತೊಡೆಯ ಮೇಲೆ ಬಕೆಟ್ಟು. ನೀರು ತುಳುಕದ ಹಾಗೆ ಇವಳು ಕಲಿಯುವವರಿಗಿಂತ ನಿಧಾನ ಓಡಿಸಿದಳು. ಹಿಂದಿನವರೆಲ್ಲ ಹಾರ್ನು ಹೊಡೆದರು. ಒಬ್ಬ ಪಕ್ಕಕ್ಕೆ ಬಂದು, "ಇನ್ನೂ ಕಲಿತಿಲ್ವಾ ಅಕ್ಕಾ?" ಎಂದು ಕೂಗಿದ. "ಇಲ್ಲಪ್ಪ, ಹಿಂದೆ ಕೂತಿರೋರು ಕಲೀತಿದಾರೆ" ಎಂದಳು ಇವಳು. ಜಡ್ಜಮ್ಮನ ಭುಜ ಒಂದು ಸಲ ಅಲುಗಿತು. ನಕ್ಕರೋ ಏನೋ, ಹಿಂದಿನಿಂದ ತಿಳಿಯಲಿಲ್ಲ.

ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಹುಡುಗಿ, "ಹವಳ ನಿಮ್ಮದಾ ಸಾರ್?" ಎಂದಳು. "ಅಲ್ಲಮ್ಮ, ಅವರದು. ನಾನು ಹೊತ್ಕೊಂಡು ಬಂದವನು" ಎಂದೆ.

ನೀರಿಗಿಳಿಸಿದಾಗ ಎಲ್ಲ ಬೆರಳೂ ಮುದುಡಿ ಮುಷ್ಟಿಯಾಗಿತ್ತು. ಜಡ್ಜಮ್ಮ ಗಾಜಿಗೆ ಕೆನ್ನೆ ಒತ್ತಿ ಬಹಳ ಹೊತ್ತು ನಿಂತರು. ಹಲ್ಲು ಕೀಳಿಸಲು ಬಂದವರೆಲ್ಲ ದವಡೆ ಹಿಡಿದುಕೊಂಡು ಅವರನ್ನೇ ನೋಡುತ್ತಿದ್ದರು.

ಮಾರ್ಚ್ 29

ಜಡ್ಜಮ್ಮ ಹೋದರು. ಎಲ್ಲರಿಗೂ ಕೈಮುಗಿದರು. ನನಗೂ, ಎಲ್ಲರಿಗೆ ಮುಗಿದಷ್ಟೇ.

ಕಲ್ಲು, ತೊಟ್ಟಿಯನ್ನು ಅಂಗಡಿಯವನಿಗೆ ವಾಪಸು ಕೊಟ್ಟೆ. ತಾಮ್ರ ಹಾಕಿದ್ದು ಎಂದು ಗಾಜಿನ ಮೇಲೆ ಬಣ್ಣದಲ್ಲಿ ಬರೆದು ಕೊಟ್ಟೆ. ಕೋಡಂಗಿಗಳೂ ಅವನಲ್ಲಿಗೇ ಹೋದವು.

ಏಪ್ರಿಲ್ 2

ಜಡ್ಜಮ್ಮನ ಫೋನು. ಅವರ ಹೆಸರು ನೋಡಿ ಎದ್ದು ನಿಂತೆ.

"ಡಾಕ್ಟರಿಗೆ ಫೋನ್ ಮಾಡಿದ್ರೆ ಚೆನ್ನಾಗಿದೆ ಅಮ್ಮಾ ಅಂತಾರೆ. ಹಿಂದೆ ಯಾರದೋ ಹಲ್ಲು ಕೊರೆಯೋ ಸದ್ದು ಕೇಳ್ತಿರತ್ತೆ. ಅವರು ನೋಡ್ದೆ ಹೇಳ್ತಾರೆ. ನೀನು ನೋಡಿಯೂ ಬೇರೆ ಹೇಳ್ತೀಯ. ಇಬ್ಬರಲ್ಲಿ ನಾನು ಯಾರನ್ನ ಕೇಳ್ಲಿ?"

"ನನ್ನನ್ನ ಕೇಳಿ" ಎಂದೆ.

ಅವರು ಫೋನಿಟ್ಟರು. ಹೂಂ ಎಂದರೋ ಉಹೂಂ ಎಂದರೋ ತಿಳಿಯಲಿಲ್ಲ.

ಏಪ್ರಿಲ್ 3

ಕ್ಲಿನಿಕ್ಕಿಗೆ ಹೋದೆ. ಹಲ್ಲುನೋವಿನವರ ನಡುವೆ ಜಾಗ ಬಿಡಿಸಿಕೊಂಡು ಬೆಂಚಿನಲ್ಲಿ ಕೂತೆ. ಹವಳ ಇನ್ನೂ ಮುಷ್ಟಿ ಬಿಗಿದೇ ಇದೆ. ಮೈಮೇಲೆ ಮೇಣದಂಥ ಪೊರೆ. ಬುಡದಲ್ಲಿ ಒಂದು ಕಡೆ ಬಿಳಿಚಿಕೊಂಡಿದೆ.

ಹೊರಗೆ ಬಂದು ಫೋನು ಮಾಡಿದೆ. ಪಾಪ, ಅಷ್ಟು ದೂರದಲ್ಲಿದ್ದಾರೆ, ಕೇಳಿ ಏನು ಮಾಡಿಯಾರು, ಬಿಚ್ಚಿಕೊಂಡಿದೆ ಎಂದರೆ ರಾತ್ರಿ ನಿದ್ದೆಯಾದರೂ ಬಂದೀತು ಎನಿಸಿತು. ಅವರು ಹಲೋ ಎಂದರು.

"ಬಿಚ್ಚಿಲ್ಲಮ್ಮಾ. ಬುಡದಲ್ಲಿ ಬೆಳ್ಳಗಾಗಿದೆ."

ಫೋನಿಡುತ್ತಾರೆಂದೇ ತಿಳಿದೆ.

"ಎಷ್ಟು ಬೆಳ್ಳಗೆ?"

"ಹೆಬ್ಬೆಟ್ಟಿನಷ್ಟಗಲ. ಸುಣ್ಣದ ಹಾಗಲ್ಲ, ತೊಳೆದ ಅಕ್ಕಿಯ ಹಾಗೆ. ಮೈಮೇಲೆ ಪೊರೆ ಬಂದಿದೆ."

"ಪೊರೆ ಬಂದ್ರೆ ಬರ್ಲಿ, ತಾನಾಗೇ ಕಳಚ್ಕೊಳ್ಳತ್ತೆ. ನೀರು ನೇರ ಬಡೀತಿರಬೇಕು ಬುಡಕ್ಕೆ. ಪಂಪು ಸ್ವಲ್ಪ ತಿರುಗಿಸೋಕೆ ಹೇಳು. ನಾಳೆ ಮತ್ತೆ ನೋಡು."

ಏಪ್ರಿಲ್ 4

ಪಂಪು ತಿರುಗಿಸಿದ್ದಾರೆ. ಬಿಚ್ಚಿಲ್ಲ. ಹೇಳಿದೆ.

ಏಪ್ರಿಲ್ 6

ಬಿಚ್ಚಿಲ್ಲ. ಹೇಳಿದೆ. ಬಿಳಿ ಹರಡಿಲ್ಲ ಎಂಬುದನ್ನೂ ಹೇಳಿದೆ.

ಶಿಷ್ಯ ಫೋನು ಮಾಡಿ ಒಂದು ಬೀಳ್ಕೊಡುಗೆ ಸಭೆಗೆ ನೀವೇ ಬರಬೇಕು ಎಂದ. ಈ ವಾರ ಬೇಡ, ಇರುವ ಮಾತು ಒಂದು ಫೋನಿಗೆ ಸರಿಹೋಗುತ್ತದೆ ಎಂದೆ. ನಗುತ್ತಾನೆಂದುಕೊಂಡೆ, ಯಾಕೋ ನಗಲಿಲ್ಲ.

ಏಪ್ರಿಲ್ 9

ಬೆಳಿಗ್ಗೆ ಮಳೆ. ಕ್ಲಿನಿಕ್ಕಿನಲ್ಲಿ ಜನವಿರಲಿಲ್ಲ. ಪೊರೆಯ ಒಂದು ಚೂರು ಕಿತ್ತು ನೀರಿನಲ್ಲಿ ತೇಲುತ್ತಿತ್ತು. ಅದು ಬಿಟ್ಟುಹೋದ ಕಡೆ, ಒಂದೇ ಒಂದು ಬೆರಳಿನ ತುದಿಯಲ್ಲಿ, ಸಾಸಿವೆಯಷ್ಟು ದೊಡ್ಡವು ನಾಲ್ಕೈದು ಬಾಯಿ ಹೊರಗೆ ಬಂದಿದ್ದವು. ಉಳಿದದ್ದೆಲ್ಲ ಮುಷ್ಟಿಯೇ.

ಅಲ್ಲಿಂದಲೇ ಫೋನು ಮಾಡಿದೆ. ಕಂಡಷ್ಟು ಹೇಳಿದೆ. ಉಳಿದವು ಬಿಚ್ಚಿಲ್ಲ ಎಂಬುದನ್ನೂ ಹೇಳಿದೆ.

"ಯಾವ ಬೆರಳು?" ಎಂದರು ಜಡ್ಜಮ್ಮ.

ಅದನ್ನು ಗಮನಿಸಿರಲಿಲ್ಲ. ತಡೀರಮ್ಮಾ, ನೋಡಿ ಹೇಳ್ತೀನಿ ಎಂದು ಫೋನು ಹಿಡಿದುಕೊಂಡೇ ಮತ್ತೆ ತೊಟ್ಟಿಯ ಹತ್ತಿರ ಹೋದೆ.